ಮೈಕ್ ನನ್ನ ಕೈಯಲ್ಲಿತ್ತು

ಮಹದೇವ, ಆ ಮಾತನ್ನು ಮೊದಲು ಆಡಿದವನು ನಾನು. ಗ್ಯಾಲರಿಯ ಹುಡುಗರಲ್ಲ. ಬನಶಂಕರಿಯ ಮೈದಾನದಲ್ಲಿ, ಆ ಕಬಡ್ಡಿ ಸೆಮಿಫೈನಲ್ಲಿನ ಸಂಜೆ, ನಿನ್ನನ್ನು ಕೋತಿಯೆಂದು ಅಣಕಿಸಲು ಜನಕ್ಕೆ ದಾರಿ ತೋರಿಸಿದವನು ನಾನೇ — ಆಮೇಲೆ ವಿಚಾರಣೆಯಲ್ಲಿ ಇಲ್ಲವೆಂದವನೂ ನಾನೇ.

ನಿನಗೆ ನನ್ನ ಪರಿಚಯ ಬೇಕಿಲ್ಲ, ಓದುವ ಬೇರೆಯವರಿಗೆ ಬೇಕು. ನಮ್ಮದು ಸಾರಕ್ಕಿಯ ಹಳೇ ಒಕ್ಕಲು ಮನೆ. ಹೊಲಗಳೆಲ್ಲ ಸೈಟುಗಳಾದ ಮೇಲೆ ಬಾಡಿಗೆ ವಸೂಲಿ ಮಾಡುವುದು, ಕಬಡ್ಡಿ ಸಂಘದ ಪಂದ್ಯಗಳಿಗೆ ಕಾಮೆಂಟರಿ ಹೇಳುವುದು, ಇಷ್ಟೇ ನನ್ನ ಕೆಲಸ. ಕಾಮೆಂಟರಿಯವನು ಆಟಗಾರರಿಗೆ ಅಡ್ಡಹೆಸರು ಇಡುವುದು ನಮ್ಮಲ್ಲಿ ರೂಢಿ. ದಪ್ಪಗಿದ್ದವನು ರೋಡ್ ರೋಲರ್, ಉದ್ದಗಿದ್ದವನು ಲೈಟ್ ಕಂಬ. ಜನ ನಕ್ಕಷ್ಟೂ ನಾನು ಉಬ್ಬುತ್ತಿದ್ದೆ. ನೀನು ಯಲ್ಲಾಪುರದ ಕಡೆಯ ಸಿದ್ದಿ ಹುಡುಗ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ತಂಡದ ರೈಡರ್. ನಿಮ್ಮ ಹಿರಿಯರು ಆಫ್ರಿಕಾದಿಂದ ಬಂದು ಎಷ್ಟು ತಲೆಮಾರಾಯಿತೋ ಯಾರು ಬಲ್ಲರು, ನಿನ್ನ ಕನ್ನಡ ನನ್ನದಕ್ಕಿಂತ ಸ್ವಚ್ಛ — ಆದರೂ ನಾನಿಟ್ಟ ಹೆಸರು ಆಫ್ರಿಕಾ ಎಕ್ಸ್‌ಪ್ರೆಸ್.

ಅಂದು ನಿನ್ನೆದುರು ಇದ್ದದ್ದು ನಮ್ಮ ಏರಿಯಾದ ಟೀಮು. ಸೋಲುತ್ತಿತ್ತು, ಅದೂ ನಿನ್ನೊಬ್ಬನಿಂದ. ನೀನು ಬಗ್ಗಿ ಉಸಿರು ತೆಗೆದುಕೊಳ್ಳುತ್ತಿದ್ದೆ. ನಾನು ಮೈಕಿನಲ್ಲಿ ಅಂದೆ: “ಬಾಳೆಹಣ್ಣಿದ್ರೆ ತಂದ್ಕೊಡ್ರೋ, ಎಕ್ಸ್‌ಪ್ರೆಸ್ಸಿಗೆ ಡೀಸೆಲ್ ಖಾಲಿ ಆದಂಗಿದೆ.”

ಮೊದಲು ನಗು ಬಂತು. ಆಮೇಲೆ ಒಂದು ಮೂಲೆಯಿಂದ ಕೋತಿಯ ದನಿ. ಅದು ಸಾಲಿನಿಂದ ಸಾಲಿಗೆ ಹಬ್ಬಿತು, ನೀನು ರೈಡಿಗೆ ಇಳಿಯುವಷ್ಟರಲ್ಲಿ ಇಡೀ ಮೈದಾನ ಹಾಗೆ ಕೂಗುತ್ತಿತ್ತು. ಎದುರಾಳಿಯ ಅಂಗಳದಲ್ಲಿರುವಷ್ಟು ಹೊತ್ತೂ ರೈಡರ್ ಬಿಡದೆ ‘ಕಬಡ್ಡಿ, ಕಬಡ್ಡಿ’ ಎನ್ನಬೇಕು, ಅದು ಅಂಪೈರಿಗೆ ಕೇಳಿಸಬೇಕು. ನಿನ್ನ ತುಟಿ ಅಲುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅಂಪೈರಿಗೆ ಕೇಳಿಸಲಿಲ್ಲ, ಔಟ್ ಕೊಟ್ಟ. ಗದ್ದಲ ನಿಲ್ಲಿಸಿ ಎಂದು ನಾನು ಒಂದು ಮಾತು ಹೇಳಿದ್ದರೆ — ಹೇಳಲಿಲ್ಲ. ನಮ್ಮ ಟೀಮಿಗೆ ಪಾಯಿಂಟ್ ಬಂದಿತ್ತು. ನೀನು ನನ್ನ ಕಡೆ ಒಮ್ಮೆ ನೋಡಿ ಮ್ಯಾಟ್ ಬಿಟ್ಟು ನಡೆದೆ.

ಮರುದಿನ ಸಂಘದವರು ಕಠಿಣ ಕ್ರಮ ಎಂದರು. ಪ್ರಾಯೋಜಕರ ಫೋನು ಬಂದ ಮೇಲೆ ಅದು ಪರಿಶೀಲನೆಯಾಯಿತು. ಜಯನಗರದ ಕಚೇರಿಯಲ್ಲಿ ನಾವೆಲ್ಲ ಕುಳಿತುಕೊಳ್ಳುವ ಹೊತ್ತಿಗೆ ತಪ್ಪು ತಿಳುವಳಿಕೆ ಎಂಬಲ್ಲಿಗೆ ಇಳಿದಿತ್ತು.

“ಮೈಕಲ್ಲಿ ಹೇಳಿದ್ದು ಇವ್ರೇ ಸರ್,” ಎಂದೆ ನೀನು. “ನೀವೂ ಅಲ್ಲೇ ಇದ್ರಿ.”

ಅಧ್ಯಕ್ಷರು ನನ್ನತ್ತ ತಿರುಗಿದರು. “ಏನ್ರೀ ಗೌಡ್ರೇ, ನೀವಾ ಅಂದಿದ್ದು?”

“ಇಲ್ಲ ಸಾರ್. ನಾನು ಹಂಗೆಲ್ಲ ಮಾತಾಡ್ತೀನಾ?”

ಪಂದ್ಯದ ದಿನ ಅವರು ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನನ್ನ ಮಾತಿಗೆ ತಲೆಯಾಡಿಸಿದರು. ಹಿರಿಯರ ಮೇಲೆ ಸುಳ್ಳು ಆರೋಪ ಹೊರಿಸಿದ್ದಕ್ಕೆ ಕ್ಷಮೆ ಕೇಳು ಎಂದು ನಿನಗೆ ಹೇಳಿದರು, ನೀನು ಕೇಳಲಿಲ್ಲ. ಪಂದ್ಯದ ನಡುವೆ ಮ್ಯಾಟ್ ಬಿಟ್ಟೆ ಎಂದು ಒಂದು ವರ್ಷ ನಿಷೇಧ ಹಾಕಿದರು. ಆ ವರ್ಷ ರಾಜ್ಯ ತಂಡಕ್ಕೆ ಆಡಿದ್ದರೆ ಕ್ರೀಡಾ ಕೋಟಾದಲ್ಲಿ ನಿನಗೆ ಸರ್ಕಾರಿ ಕೆಲಸವಿತ್ತು. ನಿನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ನನಗೆ ಗೊತ್ತಿತ್ತು, ಮಹದೇವ. ಗೊತ್ತಿದ್ದೂ ನಾನಲ್ಲ ಎಂದೆ.

ಆಮೇಲೆ ಸಂಘಕ್ಕೆ ಇನ್ನೊಂದು ಹುಮ್ಮಸ್ಸು ಬಂತು. ಪ್ರತಿ ಪಂದ್ಯಕ್ಕೆ ಮೊದಲು ಜನಾಂಗೀಯ ನಿಂದನೆಯ ವಿರುದ್ಧ ಪ್ರತಿಜ್ಞೆ ಓದಬೇಕಂತೆ. ಕಂಠ ಚೆನ್ನಾಗಿದೆಯೆಂದು ನನಗೇ ಕೊಟ್ಟರು. ಇಷ್ಟು ವರ್ಷ ಓದಿದ್ದೇನೆ, ಜನ ಚಪ್ಪಾಳೆ ತಟ್ಟಿದ್ದಾರೆ. ನಾಚಿಕೆಯೆಂಬುದು ಅಭ್ಯಾಸವಾಗಿಬಿಡುತ್ತದೆ — ಅಥವಾ ನನಗೆ ಅದು ಇರಲೇ ಇಲ್ಲವೋ.

ಕಳೆದ ಭಾನುವಾರ ಪ್ರತಿಜ್ಞೆ ಮುಗಿದು ಹೆಚ್ಚು ಹೊತ್ತಾಗಿರಲಿಲ್ಲ. ನಿಮ್ಮ ಕಡೆಯವನೇ ಒಬ್ಬ ಹುಡುಗ ರೈಡಿಗೆ ಇಳಿದ. ಗ್ಯಾಲರಿಯಿಂದ ಅದೇ ದನಿ ಎದ್ದಿತು. ಕೂಗಿದವರು ನಿನ್ನ ಕಾಲದಲ್ಲಿ ಇನ್ನೂ ಸಣ್ಣ ಮಕ್ಕಳು, ಯಾರಿಂದ ಕಲಿತರೋ. ಅಧ್ಯಕ್ಷರು ಬಗ್ಗಿ, “ಕೇಳಿಸ್ಲಿಲ್ಲ ಅನ್ಕೊಳ್ಳಿ, ಆಟ ನಡೀಲಿ” ಎಂದರು. ನಡೆಯಿತು. ಅಂದೂ ನಾನು ಸ್ಕೋರ್ ಹೇಳುತ್ತಾ ಹೋದೆ.

ಈ ಭಾನುವಾರ ಫೈನಲ್, ಆ ಹುಡುಗ ಮತ್ತೆ ಆಡುತ್ತಾನೆ. ನಾನು ಪ್ರತಿಜ್ಞೆ ಓದುವುದಿಲ್ಲ. ನಾನು ಅಂದದ್ದನ್ನು, ಸುಳ್ಳು ಹೇಳಿದ್ದನ್ನು, ಪಕ್ಕದಲ್ಲಿ ಯಾರು ನಕ್ಕರೆಂಬುದನ್ನು ಹೇಳುತ್ತೇನೆ. ಮೈಕ್ ಆಫ್ ಮಾಡಿದರೆ ಮ್ಯಾಟಿನ ಮೇಲೆ ಹೋಗಿ ನಿಲ್ಲುತ್ತೇನೆ. ಸುದ್ದಿ ಆಗಲೇ ಹೇಗೋ ಹೊರಬಿದ್ದಿದೆ. ನಿನ್ನೆಯಿಂದ ನಮ್ಮ ಗೇಟಿನ ಮುಂದೆ ಎರಡು ಬೈಕು ನಿಂತಿವೆ, ಹುಡುಗರು ಮಾತಾಡುವುದಿಲ್ಲ, ಮನೆಯ ಕಡೆ ನೋಡುತ್ತಾ ಕೂತಿರುತ್ತಾರೆ. ಹೆಂಡತಿ ಹೆದರಿ ಬೀದಿ ಬಾಗಿಲು ತೆಗೆಯುತ್ತಿಲ್ಲ.

ನೀನು ಬರಬೇಡ. ಕ್ಷಮಿಸು ಎಂದೂ ಕೇಳಲಾರೆ, ಆ ಭಾರವೂ ನಿನಗೇಕೆ. ಭಯವಾಗುತ್ತಿದೆ, ಮಹದೇವ. ಆ ಸಂಜೆ ನಿನಗೂ ಆಗಿರಬೇಕು — ನಾನು ಒಂದು ದಿನವೂ ಕೇಳಲಿಲ್ಲ.