ತೂಗುವ ಕೋಣೆ

ಊರಿನ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವನಿಗೆ ಮುಳ್ಳಣ್ಣ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಏನು ಕೇಳಿದರೂ "ತಡೀರಿ, ಮುಳ್ಳು ನಿಲ್ಲಲಿ" ಅನ್ನುವುದು ಅವನ ಅಭ್ಯಾಸ. ಮುಳ್ಳು ಅಲ್ಲಾಡುತ್ತಿರುವಾಗಲೇ ತೂಕ ಓದುವವನು ಕಳ್ಳ, ಇಲ್ಲವೇ ಪೆದ್ದ ಎಂಬುದು ಅವನ ಸಿದ್ಧಾಂತ. ಕಾಫಿ ಬೇಕಾ ಎಂದು ಕೇಳಿದರೂ ಅವನೊಳಗಿನ ಮುಳ್ಳು ನಿಲ್ಲಬೇಕು, ಅಷ್ಟರಲ್ಲಿ ಕಾಫಿ ಆರಿ ಹೋಗಿರುತ್ತಿತ್ತು. ಮದುವೆಯ ವಿಷಯದಲ್ಲೂ ಹೀಗೇ ಎಳೆದಾಡಿ, ನೆತ್ತಿಯ ಕೂದಲು ಪೂರ್ತಿ ಕೈಕೊಟ್ಟ ಮೇಲೆ ಹೂಂ ಅಂದ. ಹೆಂಡತಿಯಾಗಿ ಬಂದವಳು ನೀರಿನ ಆಫೀಸಿನಲ್ಲಿ ಜನರ ದೂರು ಕೇಳುವ ಕೆಲಸದವಳು. ದಿನವಿಡೀ ಬೈಗುಳ ಕೇಳಿ ಮನೆಗೆ ಬರುವವಳಿಗೆ ಬಾಯಿ ಬಿಡದ ಗಂಡ ಸಿಕ್ಕಿದ್ದು ಪುಣ್ಯವೆಂದೇ ಅನ್ನಿಸಿತ್ತು.

ಮನೆಯೆಂದರೆ ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಒಂದರಲ್ಲಿ ಇವರಿಬ್ಬರು, ಇನ್ನೊಂದರಲ್ಲಿ ಕೆಟ್ಟು ಕೂತ ತಕ್ಕಡಿಗಳು. ಅದನ್ನು ಹುಟ್ಟಲಿರುವ ಮಗುವಿಗೆ ತೆರವು ಮಾಡುವ ಮಾತು ಮೊದಲಿನಿಂದ ಇತ್ತು, ಮುಳ್ಳು ಮಾತ್ರ ನಿಂತಿರಲಿಲ್ಲ. ಮಗು ಅಷ್ಟು ತಾಳ್ಮೆಯದ್ದಲ್ಲ. ಎಲ್ಲರ ಲೆಕ್ಕಕ್ಕಿಂತ ಮುಂಚೆಯೇ ಹುಟ್ಟಿತು. ಹೆಣ್ಣು, ಪುಟಾಣಿ, ಆದರೆ ಗಂಟಲು ಗಟ್ಟಿ. ತಾಯಿ-ಮಗು ಕೆಲವು ದಿನ ಆಸ್ಪತ್ರೆಯಲ್ಲೇ ಇರಲಿ ಎಂದರು ಡಾಕ್ಟರು.

"ಅಷ್ಟರಲ್ಲಿ ರೂಮು ರೆಡಿ ಮಾಡಿ," ಎಂದಳು ಹೆಂಡತಿ ಮಲಗಿದಲ್ಲಿಂದಲೇ. "ಶಾಂತವಾಗಿರ್ಲಿ. ಕಣ್ಣಿಗೆ ಹೊಡೆಯೋ ಬಣ್ಣ ಬೇಡ. ಬೇಕಾದದ್ದು ಕೈಗೆ ಸಿಗ್ಬೇಕು. ಆಮೇಲೆ ಮಗೂನ ತೂಗೋಕೆ ಒಂದು ಒಳ್ಳೇ ವ್ಯವಸ್ಥೆ ಮಾಡಿಡಿ."

ತೂಗುವುದು ಎಂದರೆ ಹೆತ್ತವರಿಗೆಲ್ಲ ಒಂದೇ ಅರ್ಥ. ಮುಳ್ಳಣ್ಣನಿಗೂ ಒಂದೇ ಅರ್ಥ, ಆದರೆ ಅದು ಬೇರೆಯದು.

ಪಕ್ಕದಲ್ಲೇ ಅವನ ಅತ್ತೆ ನಿಂತಿದ್ದರು. ಕುರ್ಚಿ ಖಾಲಿಯಿದ್ದರೂ ಆಕೆ ಕೂರುವುದು ಅಪರೂಪ, ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿಂತೇ ನಿವೃತ್ತರಾದವರು. "ನೋಡಿ ಅಳಿಯಂದಿರೇ," ಎಂದರು, "ಡಿಸ್ಚಾರ್ಜ್ ದಿನ ನಾನೇ ಬಂದು ನೋಡ್ತೀನಿ. ಮಗು ಆ ರೂಮಲ್ಲಿ ಮಲಗಿ ನಿದ್ದೆ ಮಾಡಿದ್ರೆ ಸರಿ. ಇಲ್ಲಾಂದ್ರೆ ಇಬ್ಬರನ್ನೂ ನನ್ನ ಮನೆಗೆ ಕರ್ಕೊಂಡು ಹೊರಟೆ."

ಮುಳ್ಳಣ್ಣನಿಗೆ ಗೊತ್ತು, ಅತ್ತೆ ಆಡಿದ್ದನ್ನು ಮಾಡುವವರು. ಒಮ್ಮೆ ಹೋದರೆ ವಾರ ಅನ್ನುವುದು ತಿಂಗಳಾಗುತ್ತದೆ, ತಿಂಗಳು ವರ್ಷ. ಸ್ವಂತ ಮಗಳನ್ನು ನೋಡಲು ತಾನು ಇನ್ನೊಬ್ಬರ ಮನೆಯ ಬೆಲ್ ಒತ್ತಿ, ಬಿಸ್ಕತ್ ಪ್ಯಾಕೆಟ್ ಹಿಡಿದು ನಿಲ್ಲಬೇಕಾಗುತ್ತದೆ. ಇಷ್ಟು ವರ್ಷ ತಕ್ಕಡಿಗಳ ಜೊತೆ ಒಂಟಿಯಾಗಿ ಬದುಕಿದವನಿಗೆ ಆ ಬಾಳು ಮತ್ತೆ ಬೇಕಿರಲಿಲ್ಲ.

ಅಂಗಡಿಗೆ ಬೀಗ ಹಾಕಿ ಕೋಣೆಗೆ ಕೈಹಚ್ಚಿದ. ಶಾಂತವಾದ ಜಾಗ ಹೇಗಿರಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಕ್ಕಡಿ ಪರೀಕ್ಷಿಸುವ ಜಾಗದಷ್ಟು ಶಾಂತವಾದದ್ದು ಭೂಮಿಯ ಮೇಲೆ ಇನ್ನೊಂದಿಲ್ಲ. ಗೋಡೆಗೆ ಬೂದಿ ಬಣ್ಣ ಬಳಿದ, ಅಂಕಿ ಓದುವಾಗ ಕಣ್ಣು ಸೋಲದಿರಲಿ ಎಂದು. ಗಾಳಿ ಬೀಸಿದರೆ ಮುಳ್ಳು ನಡುಗುತ್ತದಲ್ಲ, ಕಿಟಕಿಯ ಸಂದುಗಳಿಗೆಲ್ಲ ಬಟ್ಟೆ ತುರುಕಿದ. ಆಮೇಲೆ, ಮಗು ಉಸಿರಾಡುತ್ತದೆ ಎಂಬುದು ನೆನಪಾಗಿ ಅರ್ಧ ಬಟ್ಟೆ ಕಿತ್ತ. ನೆಲ ಒಂದು ಮೂಲೆಗೆ ವಾಲಿತ್ತು, ಅದನ್ನು ಅಗೆದು ಮಟ್ಟ ಮಾಡಿಸಿದ. ಮಗುವಿನ ಬಟ್ಟೆಗಳನ್ನು ತೂಕದ ಪ್ರಕಾರ ಜೋಡಿಸಿದ. ಟೋಪಿ ಮೇಲೆ, ಕಂಬಳಿ ಕೆಳಗೆ, ಕಾಲುಚೀಲಗಳ ವಿಷಯದಲ್ಲಿ ಎಡಗಾಲಿನದು ಒಂದು ಕೂದಲಿನಷ್ಟು ಹೆಚ್ಚು ತೂಗಿದ್ದರಿಂದ ಜೋಡಿ ಬೇರೆಯಾಯಿತು.

ನಡುವೆ ನಿಂತದ್ದು ಅವನ ಜೀವಮಾನದ ಕೆಲಸ. ಉಕ್ಕಿನ ಕಂಬ, ಅದರ ಮೇಲೆ ಉದ್ದನೆಯ ದಂಡ. ದಂಡದ ಉದ್ದದ ತುದಿಗೆ ಮೆತ್ತನೆಯ ತೊಟ್ಟಿಲು, ಅದರ ಕೆಳಗೆ ಗೇಣು ಅಂತರದಲ್ಲಿ ದಪ್ಪ ಹಾಸಿಗೆ. ಗಿಡ್ಡ ತುದಿಗೆ ಅಗಲವಾದ ತಟ್ಟೆ, ಅದರಲ್ಲಿ ತೂಕಕ್ಕಿಡುವ ಕಬ್ಬಿಣದ ಬಟ್ಟುಗಳು. ಅಲ್ಲಾಟ ತಕ್ಷಣ ನಿಲ್ಲಲೆಂದು ಅಡಿಯಲ್ಲಿ ಒಂದು ಎಣ್ಣೆ ಡಬ್ಬಿ, ದಂಡದಿಂದ ಇಳಿದ ಸರಳೊಂದು ಅದರೊಳಗೆ ಮುಳುಗಿತ್ತು. ಮಗು ಕಾಲು ಝಾಡಿಸಿದರೂ ದಂಡ ಕಮಕ್ ಕಿಮಕ್ ಅನ್ನುವಂತಿರಲಿಲ್ಲ.

ಪರೀಕ್ಷೆ ಮಾಡದೆ ಮಗುವನ್ನು ಮಲಗಿಸುವುದುಂಟೇ? ಕಬ್ಬಿಣದ ಬಟ್ಟುಗಳನ್ನು ಕಂಬಳಿಯಲ್ಲಿ ಸುತ್ತಿ, ಮೇಲೊಂದು ಟೋಪಿ ಹಾಕಿ ತೊಟ್ಟಿಲಲ್ಲಿಟ್ಟ. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಹಾಲಿನ ಪಾತ್ರೆ ಕೇಳಲು ಬಂದವಳು ಇಣುಕಿದಳು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು.

"ಅಯ್ಯೋ, ಬಂದೇಬಿಡ್ತಾ ಕೂಸು! ಥೇಟ್ ಅಪ್ಪನೇ. ಮಾತಿಲ್ಲ, ಕತೆಯಿಲ್ಲ."

ಮುಳ್ಳಣ್ಣ ಉತ್ತರ ಹುಡುಕುವಷ್ಟರಲ್ಲಿ ಆಕೆ ಬಟ್ಟುಗಳ ಕೆನ್ನೆ ಸವರಿ, "ಮೈ ತಣ್ಣಗಿದೆ, ಇನ್ನೊಂದು ಕಂಬಳಿ ಹೊದಿಸಿ" ಎಂದು ಬುದ್ಧಿ ಹೇಳಿ ಹೋದಳು. ಅವನು ಹೊದಿಸಿದ. ಆಮೇಲೆ ಕಂಬಳಿಯ ತೂಕವನ್ನು ಕಳೆದ.

ಡಿಸ್ಚಾರ್ಜ್ ದಿನ ಮಧ್ಯಾಹ್ನ ಆಟೋ ಬಾಗಿಲಿಗೆ ಬಂತು. ಅತ್ತೆ ಇಳಿದವರೇ ಆಟೋದವನಿಗೆ, "ಇಲ್ಲೇ ಇರಪ್ಪ, ವಾಪಸ್ ಹೋಗೋದಿದೆ" ಎಂದರು. ಆ ಮಾತು ಮುಳ್ಳಣ್ಣನಿಗೆ ಕೇಳಿಸಲೆಂದೇ ಆಡಿದ್ದು. ಒಳಗೆ ಬಂದು ಗೋಡೆ ನೋಡಿದರು, ಕಿಟಕಿ ನೋಡಿದರು, ಒಂಟಿ ಕಾಲುಚೀಲ ಎತ್ತಿ ನೋಡಿದರು. ಕೊನೆಗೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದರು. ದಂಡ ಒಮ್ಮೆ ಬಾಗಿ ಗಕ್ಕನೆ ನಿಂತಿತು. ಮುಳ್ಳಣ್ಣ ಹಿಗ್ಗಿ ಹೀರೇಕಾಯಿಯಾದ. ಮಗು ಸೂರನ್ನು ದಿಟ್ಟಿಸಿ, ಬಾಯಿ ತೆರೆದು, ಬೀದಿಗೆಲ್ಲ ಕೇಳುವಂತೆ ಕಿರುಚಿತು.

"ತೂಗ್ರೀ!" ಎಂದರು ಅತ್ತೆ.

"ತೂಗಾಯ್ತಲ್ಲ."

"ಯಾವಾಗ ತೂಗಿದ್ರಿ? ಅದು ಅಲ್ಲಾಡ್ಲೇ ಇಲ್ಲ!"

"ಅಲ್ಲಾಡಬಾರದು. ಅದಕ್ಕೇ ಎಣ್ಣೆ ಡಬ್ಬಿ ಇಟ್ಟಿರೋದು."

"ಏನ್ರೀ ನೀವು! ತೂಗೋದು ಗೊತ್ತಿಲ್ವಾ ನಿಮಗೆ?"

ಮುಳ್ಳಣ್ಣನಿಗೆ ರೇಗಿತು. ಕಳ್ಳ ಅನ್ನಬಹುದಿತ್ತು, ಬೋಳ ಅನ್ನಬಹುದಿತ್ತು, ತೂಗಲು ಬಾರದವನು ಎಂದು ಅವನನ್ನು ಹುಟ್ಟಿದಾಗಿನಿಂದ ಯಾರೂ ಅಂದಿರಲಿಲ್ಲ. ಅವನು ಏನೋ ಹೇಳಹೊರಟಾಗ ಹೆಂಡತಿ ಗೋಡೆಗೊರಗಿ, ಹೊಟ್ಟೆ ಹಿಡಿದು ನಗತೊಡಗಿದಳು.

"ಅಯ್ಯೋ, ಆ ತೂಗೋದಲ್ಲ ಕಣ್ರೀ! ಈ ತೂಗೋದು!" ಎಂದು ಬರಿಗೈಯಲ್ಲೇ ತೊಟ್ಟಿಲು ಹಿಡಿದಂತೆ ಅತ್ತಿತ್ತ ಆಡಿಸಿದಳು.

ಮುಳ್ಳಣ್ಣ ಪೆಚ್ಚಾದ. ಅತ್ತೆಗೆ ನಗು ಬರಲಿಲ್ಲ. "ನಡಿಯಮ್ಮ, ಆಟೋ ಕಾಯ್ತಿದೆ" ಎಂದು ಮಗುವಿನತ್ತ ಕೈಚಾಚಿದರು.

ಈ ಸಲ ಅವನು ಯಾವ ಮುಳ್ಳಿಗೂ ಕಾಯಲಿಲ್ಲ. ದಂಡದಡಿಗೆ ನುಸುಳಿ ಎಣ್ಣೆ ಡಬ್ಬಿಯನ್ನು ಕಿತ್ತ. ಒಂದು ಒಳ್ಳೆಯ ತಕ್ಕಡಿಯನ್ನು ಬೇಕೆಂದೇ ಕೆಡಿಸಿದ್ದು ಅವನ ಬಾಳಿನಲ್ಲಿ ಅದೇ ಮೊದಲು. ಅಂಗಿಯೆಲ್ಲ ಎಣ್ಣೆಯಾಯಿತು, ಕಣ್ಣಲ್ಲಿ ನೀರು ಬಂತು, ದಂಡ ಓಲಾಡಿತು. ಮಗು ಗಪ್‌ಚುಪ್. ಓಲಾಟ ನಿಂತೊಡನೆ ಮತ್ತೆ ರಾಗ. ಅವನು ತೊಟ್ಟಿಲನ್ನು ತಳ್ಳಿದ, ಆದರೆ ಅಲ್ಲಾಡುವುದನ್ನು ಕಂಡ ಕೈ ತನ್ನಷ್ಟಕ್ಕೆ ತಾನೇ ಹೋಗಿ ಅದನ್ನು ಹಿಡಿದು ನಿಲ್ಲಿಸಿತು. ಮತ್ತೆ ತಳ್ಳಿದ. ಮತ್ತೆ ನಿಲ್ಲಿಸಿದ.

"ಸರೀರಿ ಅತ್ಲಾಗೆ," ಎಂದರು ಅತ್ತೆ. "ಆ ಕಬ್ಬಿಣ ತೆಗೀರಿ ಮೊದಲು."

ತೆಗೆದ. ಆಕೆ ತಟ್ಟೆಯ ಮೇಲೆ ಕೂತರು. ಮುಳ್ಳಣ್ಣ ತೊಟ್ಟಿಲನ್ನು ಹಿಡಿದುಕೊಂಡೇ ದಂಡವನ್ನು ಕಂಬಕ್ಕೆ ಸಿಕ್ಕಿಸಿದ್ದ ಕೊಂಡಿಯನ್ನು ಗಿಡ್ಡ ತುದಿಯತ್ತ ಜರುಗಿಸಿದ. ಅತ್ತ ಅಜ್ಜಿ, ಇತ್ತ ಮೊಮ್ಮಗಳು, ಎರಡೂ ಕಡೆ ಸಮ. ಅತ್ತೆಯ ತೂಕವೆಷ್ಟೆಂದು ಅವನಿಗೆ ಆ ಕ್ಷಣದಲ್ಲಿ ತಿಳಿಯಿತು. ಜೀವದ ಮೇಲೆ ಆಸೆ ಇದ್ದವನು, ಬಾಯಿ ಬಿಡಲಿಲ್ಲ.

"ರೈಟ್," ಎಂದು ಅತ್ತೆ ಮೈಯನ್ನು ಕೊಂಚ ವಾಲಿಸಿದರು. ತೊಟ್ಟಿಲು ಮೆಲ್ಲಗೆ ಏರಿತು, ಇಳಿಯಿತು. ಕೆಟ್ಟ ರಸ್ತೆಗಳಲ್ಲಿ ತೂಗಾಡಿ ಪಳಗಿದ ದೇಹ ಅದು. ಮಗು ಆಕಳಿಸಿತು, ಮುಷ್ಟಿ ಸಡಿಲಿಸಿತು, ನಿದ್ದೆಹೋಯಿತು. ಅದನ್ನು ನೋಡುತ್ತ ಹೆಂಡತಿಯೂ ಕೆಳಗಿನ ಚಾಪೆಯ ಮೇಲೆ ಹಾಗೇ ಒರಗಿದಳು.

ಹೊರಗೆ ಆಟೋದವನು ಹಾರ್ನ್ ಹೊಡೆದ. ಅತ್ತೆ ಏಳಲು ನೋಡಿದರು. ತೊಟ್ಟಿಲು ಕುಸಿಯಿತು, ಮಗುವಿನ ತುಟಿ ಸೊಟ್ಟಗಾಯಿತು. ಆಕೆ ಥಟ್ಟನೆ ಕೂತರು.

"ನಿಮ್ಮ ಬದಲು ಕಬ್ಬಿಣ ಇಡ್ಲಾ ಅತ್ತೆ?" ಎಂದು ಪಿಸುಗುಟ್ಟಿದ ಮುಳ್ಳಣ್ಣ.

"ಕಬ್ಬಿಣ ತೂಗುತ್ತಾ?"

ಈ ಮಾತಿನ ಅರ್ಥ ಅವನಿಗೆ ಈಗ ಸರಿಯಾಗಿಯೇ ಆಯಿತು. ಎತ್ತಿಕೊಂಡಿದ್ದ ಬಟ್ಟನ್ನು ಮತ್ತೆ ಕೆಳಗಿಟ್ಟ. ಅತ್ತೆ ಮತ್ತಷ್ಟು ಹೊತ್ತು ವಾಲಿದರು. ಆಕೆಯ ಮುಖದಲ್ಲಿ ಇನ್ಸ್‌ಪೆಕ್ಟರ್ ಗತ್ತು ಉಳಿದಿರಲಿಲ್ಲ. ಕಾಲು ಚಾಚಿ ಕೂತ ಒಬ್ಬ ದಣಿದ ಹೆಂಗಸು ಅಷ್ಟೇ.

"ಆಟೋದವನ ಜೊತೆ ನೀವೇ ನಮ್ಮನೆಗೆ ಹೋಗಿಬನ್ನಿ," ಎಂದರು. "ನಾಲ್ಕು ಸೀರೆ ತನ್ನಿ. ಬ್ರಷ್ಷು ಬಚ್ಚಲ ಕಿಟಕೀಲಿದೆ. ಹಾಲಿನವನಿಗೆ ಇನ್ನು ಬೇಡ ಅಂತ ಹೇಳ್ಬಿಡಿ."

"ಎಷ್ಟು ದಿನಕ್ಕೆ ಬೇಡ ಅನ್ಲಿ?"

ಅತ್ತೆ ಅವನನ್ನು ನೋಡಲಿಲ್ಲ. "ಒಬ್ಬಳಿಗೆ ಅಂತ ಹಾಲು ಕಾಯಿಸೋದು ಸಾಕಾಗಿದೆ ಕಣಪ್ಪ" ಎಂದರು.

ಈಕೆ ಮಗಳನ್ನೂ ಮೊಮ್ಮಗಳನ್ನೂ ಕರೆದೊಯ್ಯುತ್ತೇನೆ ಎಂದು ಹಠ ಹಿಡಿದದ್ದು ಯಾಕೆಂದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮುಳ್ಳಣ್ಣ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೊರಗೆ ಓಡಿದ.