ತಿಳಿಯಾಗೇ ಇದ್ದ ನೀರು

ನಿನ್ನೆಯ ಮಳೆಗೆ ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ ಮೋರಿ ಉಕ್ಕಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನ್ಯಾಮತಿಯ ನಮ್ಮ ಹಳೇ ಬೀದಿ ಕಣ್ಮುಂದೆ ಬಂತು.

ಬೀದಿಯ ಕೊನೆಗೆ ಎಲ್ಲರೂ ಕುಡಿಯುವ ನೀರಿನ ಬಾವಿ, ಪಕ್ಕದಲ್ಲೇ ಕೆರೆಗೆ ಮಳೆನೀರು ಒಯ್ಯುವ ಕಾಲುವೆ. ಮುಂಗಾರಿಗೆ ಮೊದಲು ಅವ್ವ ಸೀರೆ ಎತ್ತಿಕಟ್ಟಿ ಅದರ ಹೂಳು ತೆಗೆಯುತ್ತಿದ್ದಳು. ಬಳೆಗಳಿಗೆಲ್ಲ ಕೆಸರು ಮೆತ್ತಿರುತ್ತಿತ್ತು. ಒಂದು ವರ್ಷ ಮೇಲಿನ ಮನೆಯವರು ಪಾಯಿಖಾನೆಯ ಪೈಪನ್ನು ಆ ಕಾಲುವೆಗೇ ಬಿಟ್ಟರು.

ಅವ್ವ ಅವರ ಬಾಗಿಲಿಗೇ ಹೋದಳು. "ಇದು ಮಳೆನೀರು ಹೋಗಾಕೆ ಮಾಡಿರೋದ್ರಿ. ಕೆಳಗೆ ಬಾವಿ ಐತೆ."

"ಮಳೆ ಬಂದ್ರೆ ಎಲ್ಲಾ ಕೊಚ್ಕೊಂಡು ಹೋಗ್ತೈತೆ ಬಿಡ್ರಿ," ಎಂದು ಆ ಮನೆಯ ಯಜಮಾನರು ನಕ್ಕರು.

ಮೊದಲ ದೊಡ್ಡ ಮಳೆಗೆ ಕಾಲುವೆ ತುಂಬಿತು. ಹೊಲಸು ಒಳಗಿಂದೊಳಗೇ ಬಾವಿಗೆ ಜಿನುಗಿದ್ದು ಯಾರಿಗೂ ಕಾಣಲಿಲ್ಲ. ನೀರು ತಿಳಿಯಾಗೇ ಇತ್ತು. ಬೀದಿಯಲ್ಲಿ ವಾಂತಿಭೇದಿ ಶುರುವಾಯಿತು. ಇನ್ನೂ ಶಾಲೆಗೆ ಸೇರದ ನನ್ನ ತಂಗಿ ಗಿರಿಜೆ "ಅವ್ವಾ, ನೀರು" ಎಂದಾಗಲೆಲ್ಲ ಅವ್ವ ಅದೇ ಬಾವಿಯ ನೀರು ಕುಡಿಸಿದಳು. ಶಿವಮೊಗ್ಗದ ಆಸ್ಪತ್ರೆ ತಲುಪುವಷ್ಟರಲ್ಲಿ ಗಿರಿಜೆ ಅವ್ವನ ಮಡಿಲಲ್ಲೇ ತಣ್ಣಗಾಗಿದ್ದಳು.

ಆಮೇಲೆ ಪೈಪು ತೆಗೆದರು, ಬಾವಿಗೆ ಚಪ್ಪಡಿ ಮುಚ್ಚಿದರು.

ಈಗ ನಮ್ಮ ಮನೆಗೆ ಫಿಲ್ಟರ್ ನೀರಿನ ಕ್ಯಾನ್ ಬರುತ್ತದೆ. ಅವ್ವ ಅದನ್ನೂ ಕುದಿಸುತ್ತಾಳೆ. ಆರಿದ ಮೇಲೆ ಮೊದಲ ಲೋಟ ತಾನೇ ಕುಡಿದು, ಸ್ವಲ್ಪ ಹೊತ್ತು ಕಾದು ನೋಡಿ, ಆಮೇಲಷ್ಟೇ ನನ್ನ ಮಗಳಿಗೆ ಕೊಡುತ್ತಾಳೆ.