ಹನ್ನೊಂದನೆಯ ಸ್ಲೈಡಿನ ಮೂರನೆಯ ಸಾಲು

ಕೋವಿಡ್ ಹಾವಳಿ ತಗ್ಗಿ ಎರಡು ವರ್ಷವಾಗಿತ್ತು. ಆಗ ನಾನು ಹೈದರಾಬಾದಿನ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ತರಬೇತಿ ವಿಭಾಗದ ಮುಖ್ಯಸ್ಥೆ. ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಆ ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಹೊಸದಾಗಿ ಸೇರಿದವರಿಗೆ, ಒಂದು ವಿಭಾಗದಿಂದ ಇನ್ನೊಂದಕ್ಕೆ ಬದಲಾದವರಿಗೆ ಸುರಕ್ಷತೆಯ ಪಾಠ ಹೇಳುವುದು ನನ್ನ ಕೆಲಸ. ಮೊದಲು ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಹೇಳುತ್ತಿದ್ದೆ. ಕೋವಿಡ್ ಬಂದು ಜನರನ್ನು ಒಟ್ಟಿಗೆ ಕೂರಿಸುವುದು ನಿಂತಾಗ, ಗೇಟಿನ ಪಕ್ಕದ ಕೋಣೆಗೆ ಒಂದು ಕಿಯೋಸ್ಕ್ ಬಂತು. ಎದೆಯೆತ್ತರದ ಕಂಬದ ಮೇಲೆ ಕೂರಿಸಿದ ಟಚ್ ಸ್ಕ್ರೀನ್ ಅದು. ಕಾರ್ಮಿಕರು ಒಬ್ಬೊಬ್ಬರಾಗಿ ಬಂದು ತಮ್ಮ ನಂಬರ್ ಒತ್ತಿ, ನಾನು ಮಾಡಿದ ಸ್ಲೈಡ್‌ಗಳನ್ನು ಓದಿ, ಕೊನೆಗೆ ಹತ್ತು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹೋಗುತ್ತಿದ್ದರು. ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಸ್ಲೈಡ್ ಇದ್ದವು. ರಾಯಚೂರು, ಬೀದರ್ ಕಡೆಯವರು ನಮ್ಮಲ್ಲಿ ಬಹಳ ಜನ, ನಾನೂ ವಿಜಯಪುರದವಳು.

ಸ್ಲೈಡ್ ಮಾಡುವುದೆಂದರೆ ನನಗೆ ಹುಚ್ಚು. ಸುಮ್ಮನೆ ನಿಂತ ಅಕ್ಷರವನ್ನು ಯಾರು ಓದುತ್ತಾರೆ ಎನ್ನುವುದು ನನ್ನ ವಾದ. ಸಾಲುಗಳು ಬಲಗಡೆಯಿಂದ ಜಾರಿ ಬರಬೇಕು, ಬಾಣಗಳು ಮಿಣುಕಬೇಕು, ಅಪಾಯದ ಗುರುತು ಎರಡು ಸಲ ಹಿಗ್ಗಿ ಕುಗ್ಗಬೇಕು. ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನಲ್ಲಿ ಭಾನುವಾರವೂ ಲ್ಯಾಪ್‌ಟಾಪ್ ತೆರೆದು ಕೂತರೆ ನನ್ನ ಗಂಡ, "ಮದುವಿ ಮಂಟಪದ ಲೈಟಿಂಗ್ ಕೆಲಸ ಹಿಡದೀಯೇನ ಮತ್ತ?" ಎಂದು ಕಾಲೆಳೆಯುತ್ತಿದ್ದರು. ನನಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಆ ಬೇಸಗೆಯಲ್ಲಿ ಕಾರ್ಖಾನೆಯಲ್ಲಿ ಒಂದು ಹೊಸ ಶೆಡ್ ಶುರುವಾಯಿತು. ಹಳೆಯ ವಿಭಾಗದಲ್ಲಿ ಸಾಲ್ವೆಂಟ್, ಅಂದರೆ ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುವ ದ್ರಾವಕ, ಪೈಪಿನಲ್ಲಿ ಬರುತ್ತಿತ್ತು. ಹೊಸ ಶೆಡ್‌ನಲ್ಲಿ ಅದನ್ನು ಡ್ರಮ್ಮಿನಿಂದ ಪಂಪ್ ಮಾಡಬೇಕು. ದ್ರಾವಕ ರಭಸದಿಂದ ಹರಿದಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಅದು ನೆಲಕ್ಕೆ ಇಳಿಯದಿದ್ದರೆ ಒಂದು ಕಿಡಿ ಹಾರಿ ಬೆಂಕಿ ಹತ್ತಬಹುದು. ಅದಕ್ಕೇ ಡ್ರಮ್ಮಿಗೆ ತಂತಿಯ ಕ್ಲಿಪ್ ಹಾಕಿ ಅರ್ತಿಂಗ್ ಮಾಡುತ್ತಾರೆ. ಕ್ಲಿಪ್ ಬರೀ ಲೋಹವನ್ನು ಕಚ್ಚಿದರೆ ಗೋಡೆಯ ಮೇಲಿನ ಹಸಿರು ದೀಪ ಹತ್ತುತ್ತದೆ. ಬಣ್ಣ ಬಳಿದ ಜಾಗದ ಮೇಲೆ ಕೂತರೆ ಹತ್ತುವುದಿಲ್ಲ. ಅಂಥ ಕ್ಲಿಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನನ್ನ ಹನ್ನೊಂದನೆಯ ಸ್ಲೈಡಿನಲ್ಲಿ ಈ ಬಗ್ಗೆ ಎರಡು ಸಾಲು ಇದ್ದವು. ಡ್ರಮ್ಮಿನ ಹತ್ತಿರ ಮೊಬೈಲ್ ತರಬೇಡಿ. ಡ್ರಮ್ಮಿಗೆ ತಪ್ಪದೆ ಕ್ಲಿಪ್ ಹಾಕಿ. ಶೆಡ್ ಶುರುವಾಗುವ ಹಿಂದಿನ ದಿನ ಸುರಕ್ಷತಾ ಅಧಿಕಾರಿ ಫೋನ್ ಮಾಡಿ ಮೂರನೆಯದನ್ನು ಸೇರಿಸಲು ಹೇಳಿದರು: ಹಸಿರು ದೀಪ ಹತ್ತಿದ ಮೇಲೆಯೇ ಪಂಪಿನ ಸ್ವಿಚ್ ಒತ್ತಿ. ಮೂರು ಭಾಷೆಯಲ್ಲೂ ಬರೆದೆ, ಕೆಂಪು ಬಣ್ಣ ಕೊಟ್ಟೆ, ಜಾರಿ ಬರುವ ಅನಿಮೇಷನ್ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಸ್ಪೇಸ್ ಬಾರ್ ಒತ್ತಿ ನೋಡಿದೆ. ಸಾಲು ಚೆಂದವಾಗಿ ಜಾರಿ ಬಂದು ಕೂತಿತು. ಕೊನೆಯ ಹತ್ತು ಪ್ರಶ್ನೆಗಳನ್ನು ಬದಲಿಸಲು ಹೊತ್ತಿರಲಿಲ್ಲ, ಹಾಗೆಯೇ ಪೆನ್ ಡ್ರೈವಿನಲ್ಲಿ ಕಿಯೋಸ್ಕಿಗೆ ಹಾಕಿ ಮನೆಗೆ ಹೋದೆ.

ಮೂರು ವಾರದ ನಂತರ ಒಂದು ಮಧ್ಯಾಹ್ನ ಹೊಸ ಶೆಡ್‌ನಲ್ಲಿ ಬೆಂಕಿ ಭುಗ್ಗೆಂದಿತು. ನಿಮಿಷದೊಳಗೆ ಆರಿಸಿದರು, ಆದರೆ ಪಂಪಿನ ಹತ್ತಿರ ಇದ್ದ ಬಸವರಾಜನ ಬಲಗೈ ಸುಟ್ಟಿತ್ತು. ರಾಯಚೂರು ಕಡೆಯವನು, ಗುತ್ತಿಗೆ ಕಾರ್ಮಿಕ, ಹೆಂಡತಿ ಮಕ್ಕಳೊಂದಿಗೆ ಲಿಂಗಂಪಲ್ಲಿಯಲ್ಲಿ ಬಾಡಿಗೆಗೆ ಇದ್ದ. ಕ್ಲಿಪ್ ಹಾಕಿದ್ದ, ಆದರೆ ಬಣ್ಣದ ಮೇಲೆ. ದೀಪ ಹತ್ತಿರಲಿಲ್ಲ. ಅವನು ನೋಡದೆ ಸ್ವಿಚ್ ಒತ್ತಿದ್ದ. ಗೊತ್ತಿದ್ದೂ ನಿಯಮ ಮುರಿದ ಎಂದು ಅವನನ್ನು ಅಮಾನತು ಮಾಡಿ, ನಾಲ್ಕನೆಯ ದಿನಕ್ಕೆ ವಿಚಾರಣೆ ಇಟ್ಟರು. ಅದು ಸಾಬೀತಾದರೆ ಕೆಲಸ ಹೋಗುತ್ತದೆ. ಬೆಂಕಿ ಹಚ್ಚಿದವನು ಎಂಬ ಹೆಸರು ಹೊತ್ತರೆ ಆ ಪ್ರದೇಶದ ಬೇರೆ ಯಾವ ಕಾರ್ಖಾನೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ತರಬೇತಿ ದಾಖಲೆ ಕೊಡಬೇಕಾದವಳು ನಾನು. ಬಸವರಾಜ ಎಲ್ಲ ಸ್ಲೈಡ್ ನೋಡಿದ್ದ, ಹತ್ತಕ್ಕೆ ಹತ್ತು ಅಂಕ ತೆಗೆದಿದ್ದ. ತರಬೇತಿ ಪೂರ್ಣ ಎಂದು ಬರೆದು ಸಹಿ ಹಾಕಿದೆ. ನಿಜ ಹೇಳಬೇಕೆಂದರೆ ನನಗೆ ಅವನ ಮೇಲೆ ಸಿಟ್ಟೇ ಬಂದಿತ್ತು. ಕೆಂಪಕ್ಷರದಲ್ಲಿ ಬರೆದು ಕಣ್ಣ ಮುಂದೆ ಇಟ್ಟರೂ ಹೀಗೆ ಮಾಡಿದರೆ ನಾನಾದರೂ ಏನು ಮಾಡಲಿ?

ವಿಚಾರಣೆಯ ಹಿಂದಿನ ದಿನ ಸಂಜೆ ಅವನು ಗೇಟಿನ ಹೊರಗೆ ಕಾಯುತ್ತಿದ್ದ. ಬಲಗೈ ಬ್ಯಾಂಡೇಜಿನಲ್ಲಿತ್ತು.

"ಅಕ್ಕಾರ, ದೀಪದ ಮಾತು ಎಲ್ಲೂ ಬಂದಿಲ್ರಿ," ಎಂದ.

"ಐತಿ ಬಸವರಾಜ. ನಾನ ಬರದೀನಿ. ಹನ್ನೊಂದನೇ ಸ್ಲೈಡ್‌ನ್ಯಾಗ ಕೆಂಪ ಅಕ್ಷರದಾಗ ಐತಿ."

"ಅಲ್ಲಿ ಎರಡ ಸಾಲು ಅದಾವ್ರಿ. ಎರಡೂ ಬಾಯಿಪಾಠ ಅದಾವು ನನಗ." ಎಂದವನೇ ಎರಡನ್ನೂ ನಾನು ಬರೆದಂತೆಯೇ, 'ತಪ್ಪದೆ' ಎಂಬ ಪದವನ್ನೂ ಬಿಡದೆ, ಹೇಳಿ ನಿಲ್ಲಿಸಿದ. "ಮೂರನೇದು ಓದಿದ್ರ ಅದನ್ನೂ ಹೇಳತಿದ್ದೆ."

ಏನೋ ಸಮಾಧಾನ ಹೇಳಿ ಬಸ್ ಹತ್ತಿದೆ. ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಕೂಕಟ್‌ಪಲ್ಲಿಯವರೆಗೂ ಕಂಬಿ ಹಿಡಿದು ನಿಂತೇ ಹೋದೆ. ಮನೆ ಸೇರಿದ ತಕ್ಷಣ ಚಪ್ಪಲಿಯನ್ನೂ ಬಿಡದೆ ಲ್ಯಾಪ್‌ಟಾಪ್ ತೆರೆದು ಸ್ಪೇಸ್ ಬಾರ್ ಒತ್ತಿದೆ. ಮೂರನೆಯ ಸಾಲು ಬಂತು. ಸ್ಲೈಡನ್ನು ಮೊದಲಿನಿಂದ ಹಾಕಿ ಮತ್ತೆ ಒತ್ತಿದೆ, ಮತ್ತೆ ಬಂತು. ಹಾಗಾದರೆ ಅವನು ಸುಳ್ಳು ಹೇಳುತ್ತಿದ್ದಾನೆ. ಆದರೆ ಸುಳ್ಳು ಹೇಳುವವನು ಎರಡು ಸಾಲನ್ನು ಅಷ್ಟು ಶ್ರದ್ಧೆಯಿಂದ ಏಕೆ ಒಪ್ಪಿಸುತ್ತಾನೆ? ಒಲೆಯ ಮೇಲೆ ಹಾಲು ಉಕ್ಕಿತು, ಸಾರಿಗೆ ಎರಡು ಸಲ ಉಪ್ಪು ಬಿತ್ತು. ಗಂಡ ಒಂದು ತುತ್ತು ತಿಂದು ನನ್ನ ಮುಖ ನೋಡಿ ತಟ್ಟೆಗೆ ಮೊಸರು ಸುರಿದುಕೊಂಡರು.

ಮರುದಿನ ಬೆಳಗಿನ ಪಾಳಿ ಶುರುವಾಗುವುದಕ್ಕೆ ಅರ್ಧ ಗಂಟೆ ಮೊದಲೇ ಕಿಯೋಸ್ಕ್ ಮುಂದೆ ನಿಂತೆ. ಹೆಲ್ಮೆಟ್ ಹಾಕಿಕೊಂಡು, ಕಾರ್ಮಿಕರಂತೆ ನಿಂತುಕೊಂಡು, ಬೆರಳಿನಿಂದಲೇ ಒಂದೊಂದಾಗಿ ಮುಂದೆ ಹೋದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಕಿಯೋಸ್ಕ್ ಬಂದಂದಿನಿಂದ ನಾನು ಹಾಗೆ ಮಾಡಿದ್ದು ಅದೇ ಮೊದಲು. ಹನ್ನೊಂದನೆಯ ಸ್ಲೈಡ್ ಬಂತು. ಮೊದಲ ಸಾಲು ಜಾರಿ ಬಂತು, ಎರಡನೆಯದೂ ಬಂತು. ಕಾದೆ. ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗವನ್ನು ಮುಟ್ಟಿದೆ, ಏನೂ ಆಗಲಿಲ್ಲ. ಮೂಲೆಯ 'ಮುಂದೆ' ಗುಂಡಿ ಒತ್ತಿದೆ, ಹನ್ನೆರಡನೆಯ ಸ್ಲೈಡ್ ಬಂದುಬಿಟ್ಟಿತು.

ಇದನ್ನು ಸ್ವಲ್ಪ ವಿವರಿಸಬೇಕು. ಅನಿಮೇಷನ್ ಯಾವಾಗ ಶುರುವಾಗಬೇಕು ಎಂದು ನಾವೇ ಹೇಳಬೇಕಾಗುತ್ತದೆ: ಹಿಂದಿನದು ಮುಗಿದ ಕೂಡಲೇ ತಾನಾಗಿ, ಅಥವಾ ಯಾರಾದರೂ ಕ್ಲಿಕ್ ಮಾಡಿದಾಗ. ಏನೂ ಹೇಳದಿದ್ದರೆ ಅದು ಕ್ಲಿಕ್ಕಿಗೆ ಕಾಯುತ್ತದೆ. ಮೊದಲ ಎರಡು ಸಾಲಿಗೆ ತಾನಾಗಿ ಬರುವಂತೆ ಹೇಳಿದ್ದೆ. ಅವಸರದಲ್ಲಿ ಸೇರಿಸಿದ ಮೂರನೆಯದಕ್ಕೆ ಹೇಳುವುದನ್ನು ಮರೆತಿದ್ದೆ. ಇನ್ನು ಕಿಯೋಸ್ಕಿನಲ್ಲಿ, ಯಾರೋ ಎಲ್ಲೋ ಮುಟ್ಟಿ ಸ್ಲೈಡ್ ಹಾರಿಹೋಗಬಾರದು ಎಂದು, ಗುಂಡಿಗಳ ಹೊರತು ಬೇರೆ ಯಾವ ಕ್ಲಿಕ್ಕೂ ನಡೆಯದಂತೆ ನಾನೇ ಕಟ್ಟು ಹಾಕಿದ್ದೆ. ಹೀಗಾಗಿ ಆ ಸಾಲು ಎಂದೂ ಬರಲಾರದ ಕ್ಲಿಕ್ಕಿಗಾಗಿ ಮೂರು ವಾರ ಕಾಯುತ್ತಾ ಕೂತಿತ್ತು. ಅದನ್ನು ಕಂಡವಳು ಇಡೀ ಕಾರ್ಖಾನೆಯಲ್ಲಿ ನಾನೊಬ್ಬಳೇ, ಅದೂ ನನ್ನ ಲ್ಯಾಪ್‌ಟಾಪಿನಲ್ಲಿ.

ಪೆನ್ ಡ್ರೈವ್ ಚೀಲದಲ್ಲೇ ಇತ್ತು. ಸರಿಪಡಿಸಲು ಅರ್ಧ ನಿಮಿಷ ಸಾಕು, ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳೇಕೆ, ಆ ಕೋಣೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬದಲಾಯಿಸಿದೆ. ಬದಲಾವಣೆ ಉಳಿಸಲೇ ಎಂದು ಪರದೆ ಕೇಳಿತು. ಅಷ್ಟರಲ್ಲಿ ಹೊರಗೆ ಪಾಳಿಯ ಬಸ್ ಬಂದು ನಿಂತು, ಜನ ಇಳಿಯುವ ಸದ್ದು ಕೇಳಿಸಿತು. ಅವರಲ್ಲಿ ಕೆಲವರು ಇನ್ನು ಹತ್ತು ನಿಮಿಷಕ್ಕೆ ಅದೇ ಪಂಪಿನ ಸ್ವಿಚ್ ಒತ್ತುವವರು. ತರಬೇತಿ ಮುಗಿಸಿಬಿಟ್ಟ ಅವರಿಗೆ ನಾನು ಈಗ ಗುಟ್ಟಾಗಿ ಸ್ಲೈಡ್ ಸರಿಪಡಿಸಿದರೂ ತಿಳಿಯುವುದಿಲ್ಲ. ಬೇಡ ಎಂದು ಒತ್ತಿ, ಲ್ಯಾಪ್‌ಟಾಪ್ ಮುಚ್ಚಿ ಹೊಸ ಶೆಡ್ ಕಡೆಗೆ ಬಹುತೇಕ ಓಡಿದೆ.

ಅಲ್ಲಿ ನಾಲ್ವರಿದ್ದರು. ಪಂಪ್ ಹಾಕುವ ಮೊದಲು ಏನು ನೋಡುತ್ತೀರಿ ಎಂದು ತೆಲುಗಿನಲ್ಲಿ ಕೇಳಿದೆ. ಕ್ಲಿಪ್ ಎಂದರು ನಾಲ್ವರೂ. ದೀಪ ಎಂದು ಒಬ್ಬರೂ ಹೇಳಲಿಲ್ಲ. ಇಷ್ಟು ದಿನ ಇವರ ಕ್ಲಿಪ್ ಲೋಹವನ್ನು ಕಚ್ಚಿದ್ದು ಬರೀ ಅದೃಷ್ಟ. ಕಿಯೋಸ್ಕ್ ಇದೆಯಲ್ಲ ಎಂದು ಸೂಪರ್‌ವೈಸರ್ ಕೂಡ ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದ್ದರು. ಪಂಪ್ ಹಾಕದಂತೆ ತಡೆದು, ನಾಲ್ವರನ್ನೂ ದೀಪದ ಕೆಳಗೆ ಕರೆದುಕೊಂಡು ಹೋಗಿ, ಕ್ಲಿಪ್ಪನ್ನು ಬಣ್ಣದ ಮೇಲೊಮ್ಮೆ, ಲೋಹದ ಮೇಲೊಮ್ಮೆ ಹಾಕಿ ತೋರಿಸಿದೆ.

ಹನ್ನೊಂದು ಗಂಟೆಗೆ ವಿಚಾರಣೆ. ಪ್ಲಾಂಟ್ ಮುಖ್ಯಸ್ಥ ಮಧುಸೂದನ್ ಅವರು ಮಾತು ಕಡಿಮೆಯ ಮನುಷ್ಯ. "ಆ ಸ್ಲೈಡ್ ತೋರಿಸಮ್ಮಾ," ಎಂದರು ತೆಲುಗಿನಲ್ಲಿ. ಪ್ರೊಜೆಕ್ಟರ್ ಸಿದ್ಧವಿತ್ತು. ಅಲ್ಲಿ ಒಂದು ಸಲ ಒತ್ತಿದರೆ ಸಾಕು, ಕೆಂಪು ಸಾಲು ಗೋಡೆಯ ತುಂಬ ಬರುತ್ತಿತ್ತು. ಬಸವರಾಜನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲಿ ನೋಡಬೇಡಿ ಸರ್. ಇದು ನಾನು ನೋಡಿದ ಸ್ಲೈಡ್. ಅವನು ನೋಡಿದ್ದು ಕೆಳಗಿದೆ," ಎಂದೆ.

ಎಲ್ಲರೂ ಗೇಟಿನ ಕೋಣೆಗೆ ಇಳಿದರು. ಬಸವರಾಜ ಎಡಗೈಯಿಂದ ನಂಬರ್ ಒತ್ತಿ ಒಂದೊಂದೇ ಸ್ಲೈಡ್ ದಾಟಿಸಿದ. ಹನ್ನೊಂದನೆಯದರಲ್ಲಿ ಎರಡು ಸಾಲು ಬಂದು ನಿಂತವು. ಮಧುಸೂದನ್ ಅವರು ಮುಂದೆ ಬಾಗಿ ಖಾಲಿ ಜಾಗವನ್ನು ಲಿಫ್ಟ್ ಬಾರದಿದ್ದಾಗ ಗುಂಡಿ ಒತ್ತುವಂತೆ ನಾಲ್ಕೈದು ಸಲ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೂರನೆಯದು ಬರೆದವಳು ನಾನೇ ಸರ್. ಅದನ್ನು ಅವನಿಗೆ ಕಾಣಿಸದ ಹಾಗೆ ಮಾಡಿದವಳೂ ನಾನೇ. ತರಬೇತಿ ಪೂರ್ಣ ಎಂದು ನಾನು ಹಾಕಿದ ಸಹಿ ತಪ್ಪು."

ಅಮಾನತು ಅಂದೇ ರದ್ದಾಯಿತು. ನನಗೆ ಲಿಖಿತ ಎಚ್ಚರಿಕೆ ಬಂತು, ಬರಬೇಕಾದದ್ದೇ. ಸುರಕ್ಷತೆಯ ಸ್ಲೈಡ್‌ಗಳಿಂದ ಅನಿಮೇಷನ್ ಪೂರ್ತಿ ತೆಗೆದುಹಾಕಿದೆ. ಈಗ ನಿವೃತ್ತಳಾಗಿದ್ದೇನೆ, ಈ ಕೆಲಸಕ್ಕೆ ಹೊಸದಾಗಿ ಬರುವವರು ಕೇಳಿದರೆ ಹೇಳುವುದು ಒಂದೇ. ನೀವು ಮಾಡಿದ್ದನ್ನು ನಿಮ್ಮ ಕುರ್ಚಿಯಲ್ಲಿ ಕೂತು ನೋಡಬೇಡಿ. ಓದುವವನು ನಿಲ್ಲುವ ಜಾಗದಲ್ಲಿ ನಿಂತು, ಅವನ ಬೆರಳು ಮುಟ್ಟುವುದನ್ನೇ ಮುಟ್ಟಿ ನೋಡಿ.

ಎರಡು ತಿಂಗಳ ನಂತರ ಬಸವರಾಜ ಕೆಲಸಕ್ಕೆ ಬಂದ. ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು, ಅವನೇ ಬೇರೆ ಕಡೆ ನೋಡಿದ. ಬೆಂಕಿ ಅವಘಡದ ನಂತರ ತರಬೇತಿ ಮತ್ತೆ ಮಾಡಬೇಕೆಂಬುದು ನಿಯಮ. ನಾನೂ ಪಕ್ಕದಲ್ಲಿ ನಿಂತೆ. ಹನ್ನೊಂದನೆಯ ಸ್ಲೈಡಿನಲ್ಲಿ ಮೂರೂ ಸಾಲು ಒಟ್ಟಿಗೆ, ಅಲುಗಾಡದೆ ನಿಂತಿದ್ದವು. ಅವನು ಮೂರನ್ನೂ ಗಟ್ಟಿಯಾಗಿ ಓದಿದ. 'ಮುಂದೆ' ಗುಂಡಿಯ ಹತ್ತಿರ ಬೆರಳು ಒಯ್ದವನು ಒತ್ತಲಿಲ್ಲ. ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಾ ಕಾದ. ಆಮೇಲೆ ಕೇಳಿದ:

"ಇನ್ನೂ ಏನರ ಬರೂದು ಐತೇನ್ರಿ ಅಕ್ಕಾರ?"